ಟಿಪ್ಪುವಿನ ಹುಲಿತಲೆ ಮತ್ತು ನಮ್ಮ ಹೊಲದ ಕಲ್ಲು

ಮೊನ್ನೆ ಯುಗಾದಿಗೆ ಹುಲಕೋಟಿಗೆ ಹೋದಾಗ ಕಾಕಾ ಒಂದು ಸುದ್ದಿ ಹೇಳಿದ್ರು. ಹೊಲದ ಬದುವಿನಲ್ಲಿ ಬನ್ನಿ ಗಿಡದ ಕೆಳಗಿದ್ದ ವೀರಗಲ್ಲು ಈಗ ಅಲ್ಲಿಲ್ಲ. ಯಾವಾಗ ಹೋಯ್ತು, ಯಾರು ಒಯ್ದರು, ಯಾರಿಗೂ ಗೊತ್ತಿಲ್ಲ.

"ಲೇ ತಮ್ಮಾ, ನಿಮ್ಮ ಇಂಟರ್ನೆಟ್ಟಿನ್ಯಾಗ ಅದನ್ನ ಹರಾಜಿಗೆ ಇಟ್ಟಾರೇನು ನೋಡೋ" ಅಂದ್ರು. ನಗು ಬಂತು. ಆದ್ರೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆ. ಕಲ್ಲು ಸಿಗಲಿಲ್ಲ. ಲಂಡನ್ನಿನ ಹರಾಜುಗಳಲ್ಲಿ ಕರ್ನಾಟಕದ ವಸ್ತು ಅಂತ ಹುಡುಕಿದರೆ ಮತ್ತೆ ಮತ್ತೆ ಎದುರಾಗಿದ್ದು ಟಿಪ್ಪು ಸುಲ್ತಾನ, ಅವನ ಹುಲಿಗಳು. (ನಮ್ಮೂರಲ್ಲಿ ಹುಲಿ ಅಂದ್ರೆ ಕೆ.ಎಚ್. ಪಾಟೀಲರು, ಅದು ಬೇರೆ ಮಾತು :-) )

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆಗಿನ ಪದ್ಧತಿ ಏನಂದ್ರೆ, ಲೂಟಿಯ ಮಾಲನ್ನು ಲೆಕ್ಕ ಮಾಡಿ ಅವರವರ ದರ್ಜೆ ನೋಡಿ ಸೈನ್ಯಕ್ಕೆ ಹಂಚೋದು. ಇದಕ್ಕೆ ಅಂತಲೇ ಅಧಿಕಾರಿಗಳಿದ್ದರು. ಹಂಚೋಕೆ ಬಾರದ್ದನ್ನು ಹರಾಜು ಹಾಕೋದು. ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಹಂಚೋದು ಹೇಗೆ? ಒಡೆದು ಹಾಕಿದರು! ಇಡೀ ಸಿಂಹಾಸನವನ್ನು ರಾಜನಿಗೆ ಕಳಿಸಬೇಕು ಅಂತಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇದರಿಂದ ಬೇಜಾರಾಯ್ತಂತೆ. ಲೂಟಿ ಆಗಿದ್ದಕ್ಕಲ್ಲ, ಒಡೆದಿದ್ದಕ್ಕೆ.

ಸಿಂಹಾಸನದ ದೊಡ್ಡ ಹುಲಿತಲೆ ಮತ್ತು ಹುಮಾ ಹಕ್ಕಿ ಬ್ರಿಟನ್ನಿನ ರಾಜಮನೆತನದ ಸಂಗ್ರಹ ಸೇರಿದವು. ಕಟಾಂಜನದ ಮೇಲೆ ಎಂಟು ಸಣ್ಣ ಹುಲಿತಲೆಗಳಿದ್ದವು, ಚಿನ್ನದವು, ರತ್ನ ಕೂರಿಸಿದವು. ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಬಾನಮ್ಸ್ ಸಂಸ್ಥೆ 2009ರಲ್ಲಿ ಒಂದನ್ನು, 2010ರಲ್ಲಿ ಇನ್ನೊಂದನ್ನು ಹರಾಜು ಹಾಕಿತು. 2021ರಲ್ಲಿ ಮತ್ತೊಂದಕ್ಕೆ 15 ಲಕ್ಷ ಪೌಂಡ್ ಬೆಲೆ ಕಟ್ಟಿದಾಗ ಬ್ರಿಟನ್ ಸರ್ಕಾರ ಅದು ದೇಶ ಬಿಟ್ಟು ಹೋಗದಂತೆ ತಾತ್ಕಾಲಿಕ ತಡೆ ಹಾಕಿತು. ಯಾವ ದೇಶ? ಅವರ ದೇಶ! ಓದಿ ಎರಡು ನಿಮಿಷ ಸುಮ್ಮನೆ ಕೂತೆ.

2023ರ ಮೇ 23ರಂದು ಟಿಪ್ಪುವಿನ ಮಲಗುವ ಕೋಣೆಯ ಕತ್ತಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯ್ತು. ಅಂದಾಜಿದ್ದದ್ದು 15ರಿಂದ 20 ಲಕ್ಷ. ಇಷ್ಟೊಂದು ಯಾಕೆ? ಉಕ್ಕಿಗಂತೂ ಅಲ್ಲ. ಆ ಕತ್ತಿಯ ಹಿಂದೆ ಒಂದು ದಾಖಲೆ ಇದೆ: ಕೋಟೆಗೆ ನುಗ್ಗಿದ ಸೈನ್ಯದ ಮುಂದಾಳು ಡೇವಿಡ್ ಬೇರ್ಡ್‌ಗೆ ಅವನ ಶೌರ್ಯಕ್ಕೆ ಇದನ್ನು ಕೊಟ್ಟರು ಅಂತ. ಅಂದ್ರೆ ಲೂಟಿಯ ಲೆಕ್ಕಪತ್ರವೇ ಇವತ್ತು ಅಸಲಿತನದ ಸರ್ಟಿಫಿಕೇಟು.

ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ, ಜಾರಿಗೆ ಬಂದದ್ದು 1976ರಲ್ಲಿ. ನೂರು ವರ್ಷ ದಾಟಿದ ವಿಗ್ರಹವನ್ನು ಖಾಸಗಿಯವರು ದೇಶದ ಹೊರಗೆ ಮಾರುವಂತಿಲ್ಲ. ಹಾಗಾಗಿ ಕದ್ದವರಿಗೂ ಒಂದು ಹಳೇ ಕಾಗದ ಬೇಕು. ತಮಿಳುನಾಡಿನ ಶ್ರೀಪುರಂದಾನ್ ಗುಡಿಯ ನಟರಾಜನ ಕತೆ ಕೇಳಿ. 2006ರಲ್ಲಿ ಕಳುವಾದ ಮೂರ್ತಿ. ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಗೆ ಸುಮಾರು 50 ಲಕ್ಷ ಡಾಲರಿಗೆ ಮಾರಿದ. ಸುಡಾನ್ ದೇಶದ ರಾಜತಾಂತ್ರಿಕನೊಬ್ಬ 1970ರಲ್ಲೇ ದಿಲ್ಲಿಯಲ್ಲಿ ಕೊಂಡಿದ್ದ ಅಂತ ಸುಳ್ಳು ಕಾಗದ ಜೊತೆಗಿತ್ತು. ಆ ಕಾಗದವನ್ನು ಸೋಲಿಸಿದ್ದು ಒಂದು ಫೋಟೋ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಆ ಮೂರ್ತಿ ಇನ್ನೂ ಗುಡಿಯಲ್ಲಿದ್ದಾಗಲೇ ಫೋಟೋ ತೆಗೆದಿಟ್ಟಿದ್ದರು. 2014ರ ಸೆಪ್ಟೆಂಬರಿನಲ್ಲಿ ನಟರಾಜ ವಾಪಸ್ ಬಂದ.

ಗದಗ ದಾಟಿದರೆ ಸಿಗೋ ಲಕ್ಕುಂಡಿಗೆ ಈ ಚಿಂತೆ ಕಡಿಮೆ. ಪಿಗೌ, ಬಿಗ್ಸ್ ಅನ್ನೋ ಇಂಗ್ಲಿಷರು ತೆಗೆದ ಅಲ್ಲಿನ ಗುಡಿಗಳ ಚಿತ್ರಗಳು 1866ರಲ್ಲೇ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದಿವೆ. ಆಮೇಲೆ 1926ರಲ್ಲಿ ಹೆನ್ರಿ ಕಸಿನ್ಸ್ ಪುಸ್ತಕ. ನನ್ನ ಹತ್ತಿರವೂ ಲಕ್ಕುಂಡಿಯ ಫೋಟೋ ಇನ್ನೂರಾದರೂ ಇವೆ, ಪ್ರತಿ ಸಲ ಬೆಂಗಳೂರಿನ ಗೆಳೆಯರನ್ನು ಕರ್ಕೊಂಡು ಹೋಗಿ ತೆಗೆದವು. ನಮ್ಮ ಹೊಲದ ಕಲ್ಲಿನದ್ದು? ಒಂದೂ ಇಲ್ಲ. ಸಣ್ಣವನಿದ್ದಾಗ ಅದರ ಮೇಲೆ ಹತ್ತಿ ಕೂತು ಬುತ್ತಿ ಉಂಡಿದ್ದೇನೆ, ಆದರೆ ಫೋಟೋ ತೆಗೀಬೇಕು ಅಂತ ಯಾವತ್ತೂ ಅನಿಸಿರಲಿಲ್ಲ.

ಮರುದಿನ ಕಾಕೂ ಟ್ರಂಕಿನಿಂದ ಹಳೇ ಆಲ್ಬಮ್ ತೆಗೆದ್ರು. ಆಯುಧ ಪೂಜೆಯ ದಿನ ಹೊಲದಲ್ಲೇ ಹೊಸ ಟ್ರ್ಯಾಕ್ಟರಿಗೆ ಪೂಜೆ ಮಾಡಿದ ಫೋಟೋ. ಹಿಂದಿನ ಗಾಲಿಯ ಪಕ್ಕ ಕಲ್ಲಿನ ತುದಿ ಕಾಣುತ್ತೆ: ಲಿಂಗ, ಸೂರ್ಯ, ಚಂದ್ರ. ವೀರನನ್ನು ಅಪ್ಸರೆಯರು ಒಯ್ಯೋ ನಡುವಿನ ಪಟ್ಟಿ ಅರ್ಧ. ಅವನು ಯಾತಕ್ಕೆ ಸತ್ತ, ದನ ಕಾಯೋಕೋ, ಊರು ಕಾಯೋಕೋ, ಅದನ್ನು ಹೇಳೋ ಕೆಳಗಿನ ಪಟ್ಟಿ ಪೂರ್ತಿ ಗಾಲಿಯ ಹಿಂದೆ.

ಅದನ್ನೇ ಸ್ಕ್ಯಾನ್ ಮಾಡಿ ಪೊಲೀಸ್ ದೂರಿನ ಜೊತೆ ಕೊಡೋಣ ಅಂತ ಅರ್ಜಿ ಬರೆಯೋಕೆ ಕೂತೆವು. ಕಲ್ಲಿನ ಎತ್ತರ ಬರೀಬೇಕಲ್ಲ? ಕಾಕಾ ಎದೆಮಟ ಅಂತಾರೆ, ಕಾಕೂ ಸೊಂಟದ ಮಟ ಅಂತಾರೆ. ನಾನು ಕೊನೇ ಸಲ ನೋಡಿದಾಗ ನನಗಿಂತ ದೊಡ್ಡದಿತ್ತು.