ಚರ್ಮರೋಗಗಳ ಅಣುಮಟ್ಟದ ಸಂಶೋಧನೆ: ಕ್ಯಾನ್ಸರು ಮತ್ತು ಉರಿಯೂತ

ಚರ್ಮದಲ್ಲಿ ಹುಟ್ಟುವ ಕ್ಯಾನ್ಸರುಗಳನ್ನೂ ಸೋರಿಯಾಸಿಸ್, ಇಸುಬು ಮೊದಲಾದ ಉರಿಯೂತದ ರೋಗಗಳನ್ನೂ ವಂಶವಾಹಿ, ಪ್ರೋಟೀನು ಮತ್ತು ಕೋಶಗಳ ನಡುವಣ ಸಂಕೇತಗಳ ನೆಲೆಯಲ್ಲಿ ಅರಿಯುವ ಅಧ್ಯಯನವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಿತು. ಈ ಎರಡು ಬಗೆಯ ರೋಗಗಳ ಸಂಶೋಧನೆ ಬಹುಕಾಲ ಬೇರೆ ಬೇರೆ ದಾರಿಗಳಲ್ಲಿ ಸಾಗಿತು. ಕ್ಯಾನ್ಸರಿನಲ್ಲಿ ಕಾರಣ ಮೊದಲು ತಿಳಿದು ಔಷಧಿ ಆಮೇಲೆ ಬಂದರೆ, ಸೋರಿಯಾಸಿಸ್‌ನಲ್ಲಿ ಔಷಧಿಯೇ ಮೊದಲು ಫಲ ಕೊಟ್ಟು, ಅದು ಏಕೆ ಫಲ ಕೊಟ್ಟಿತೆಂಬ ವಿಚಾರಣೆಯಿಂದ ರೋಗದ ಕಾರಣ ತಿಳಿದುಬಂತು. ಚರ್ಮವು ಕಣ್ಣಿಗೆ ಕಾಣುವ ಅಂಗವಾದ್ದರಿಂದಲೂ, ಚಿಕಿತ್ಸೆಗೆ ಮುನ್ನ ಮತ್ತು ಅನಂತರ ಅದರ ಚೂರೊಂದನ್ನು ತೆಗೆದು ಹೋಲಿಸಿ ನೋಡುವುದು ಸುಲಭವಾದ್ದರಿಂದಲೂ ಇಂಥ ವಿಚಾರಣೆ ಬೇರೆ ಅಂಗಗಳಿಗಿಂತ ಇಲ್ಲಿ ಹೆಚ್ಚು ಸಾಧ್ಯವಾಯಿತು.

ಹೊರಗಿನ ವಸ್ತುವೊಂದು ಚರ್ಮದಲ್ಲಿ ಕ್ಯಾನ್ಸರು ತರಬಲ್ಲದೆಂಬುದನ್ನು 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರ ವೃಷಣಚೀಲದಲ್ಲಿ ಏಳುತ್ತಿದ್ದ ಹುಣ್ಣುಗಳಿಗೆ ಮಸಿಯೇ ಕಾರಣವೆಂದು ಹೇಳುವ ಮೂಲಕ ತೋರಿಸಿದ್ದ. 1915ರಲ್ಲಿ ಟೋಕಿಯೋದ ಯಾಮಗಿವಾ ಮತ್ತು ಇಚಿಕಾವಾ ಅವರು ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರು ಬಳಿದು ಕ್ಯಾನ್ಸರು ಬರಿಸಿದರು. 1928ರಲ್ಲಿ ಫಿಂಡ್ಲೆ ಎಂಬ ವಿಜ್ಞಾನಿ ಬರಿಯ ನೇರಳಾತೀತ ಕಿರಣದಿಂದಲೇ ಇಲಿಗಳಲ್ಲಿ ಅದು ಬರುತ್ತದೆಂದು ಸಾಬೀತುಪಡಿಸಿದರು. ಕಿರಣವು ಕೋಶದೊಳಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ಒಂದು ಅಪರೂಪದ ಆನುವಂಶಿಕ ರೋಗದಿಂದ. ವಿಯೆನ್ನಾದ ಹೆಬ್ರಾ ಮತ್ತು ಕಪೋಸಿ 1870ರ ದಶಕದಲ್ಲಿ ವಿವರಿಸಿದ ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಈ ರೋಗವಿರುವ ಮಕ್ಕಳ ಚರ್ಮ ಬಿಸಿಲಿಗೆ ತೆರೆದುಕೊಂಡಲ್ಲೆಲ್ಲ ಒಣಗಿ ಕಲೆಗಟ್ಟಿ, ಎಳೆಯ ವಯಸ್ಸಿನಲ್ಲೇ ಕ್ಯಾನ್ಸರಿಗೆ ಈಡಾಗುತ್ತದೆ. ನೇರಳಾತೀತ ಕಿರಣ ತಗುಲಿದಾಗ ಡಿಎನ್‌ಎಯಲ್ಲಿ ಅಕ್ಕಪಕ್ಕದಲ್ಲಿರುವ ಥೈಮಿನ್ ಘಟಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಂದೂ, ಬ್ಯಾಕ್ಟೀರಿಯಗಳು ಆ ಭಾಗವನ್ನು ಕತ್ತರಿಸಿ ತೆಗೆದು ಹೊಸದಾಗಿ ತುಂಬಿಸಿಕೊಳ್ಳುತ್ತವೆಂದೂ 1964ರ ಹೊತ್ತಿಗೆ ತಿಳಿದಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಜೇಮ್ಸ್ ಕ್ಲೀವರ್ ಈ ರೋಗಿಗಳ ಚರ್ಮಕೋಶಗಳನ್ನು ಬೆಳೆಸಿ ಪರೀಕ್ಷಿಸಿ, ಅವುಗಳಲ್ಲಿ ಆ ದುರಸ್ತಿಯ ಕೆಲಸವೇ ಕುಂಠಿತವಾಗಿದೆಯೆಂದು 1968ರಲ್ಲಿ ಪ್ರಕಟಿಸಿದರು. ಡಿಎನ್‌ಎಯ ಹಾನಿ ಸರಿಹೋಗದೆ ಉಳಿದರೆ ಮನುಷ್ಯರಲ್ಲಿ ಕ್ಯಾನ್ಸರು ಬರುತ್ತದೆಂಬ ಮಾತಿಗೆ ದೊರೆತ ಮೊದಲ ದೃಢವಾದ ಆಧಾರವಿದು, ಮತ್ತು ಈ ಕ್ಷೇತ್ರದ ನಿಜವಾದ ಆರಂಭವನ್ನು ಇಲ್ಲಿಂದಲೇ ಎಣಿಸುವುದು ನ್ಯಾಯ. ದುರಸ್ತಿಯ ಹಂತಗಳನ್ನು ಬಿಡಿಸಿ ತೋರಿಸಿದ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

1991ರಲ್ಲಿ ಡಗ್ಲಸ್ ಬ್ರಾಶ್ ಮತ್ತು ಸಂಗಡಿಗರು ಚರ್ಮದ ಸ್ಕ್ವಾಮಸ್ ಕೋಶ ಕ್ಯಾನ್ಸರಿನ ಗಡ್ಡೆಗಳಲ್ಲಿ, ಕೋಶ ವಿಭಜನೆಗೆ ತಡೆ ಒಡ್ಡುವ ಪಿ53 ವಂಶವಾಹಿಯನ್ನು ಓದಿದಾಗ, ಅಕ್ಕಪಕ್ಕದ ಎರಡು ಸೈಟೋಸಿನ್‌ಗಳು ಎರಡು ಥೈಮಿನ್‌ಗಳಾಗಿ ಬದಲಾಗಿದ್ದುದು ಕಂಡುಬಂತು. ಇಂಥ ಜೋಡಿ ಬದಲಾವಣೆ ನೇರಳಾತೀತ ಕಿರಣದ್ದೇ ಗುರುತಾದ್ದರಿಂದ, ವರ್ಷಗಳ ಹಿಂದೆ ಬಿದ್ದ ಬಿಸಿಲು ಗಡ್ಡೆಯೊಳಗೆ ತನ್ನ ಸಾಕ್ಷ್ಯವನ್ನು ಬಿಟ್ಟಿರುತ್ತದೆಂಬುದು ಸ್ಪಷ್ಟವಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬೇಸಲ್ ಕೋಶ ಕ್ಯಾನ್ಸರಿನ ಮೂಲವು ಹಣ್ಣುನೊಣದ ಅಧ್ಯಯನದಿಂದ ಬೆಳಕಿಗೆ ಬಂತು. 1980ರಲ್ಲಿ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ವೀಶೌಸ್ ನೊಣದ ಮರಿಹುಳುಗಳಲ್ಲಿ ಗುರುತಿಸಿದ ಹೆಜ್‌ಹಾಗ್ ಎಂಬ ವಂಶವಾಹಿಯ ಸಂಕೇತಮಾರ್ಗಕ್ಕೆ ಅಂಕೆಯಾಗಿರುವ ಪ್ಯಾಚ್ಡ್ ವಂಶವಾಹಿಯು, ಇಂಥ ಗಡ್ಡೆಗಳು ಹಲವಾರು ಏಳುವ ಗೋರ್ಲಿನ್ ಲಕ್ಷಣಕೂಟದ ಕುಟುಂಬಗಳಲ್ಲಿ ಕೆಟ್ಟಿರುತ್ತದೆಂದು 1996ರಲ್ಲಿ ಎರಡು ಗುಂಪುಗಳು ಕಂಡುಕೊಂಡವು. ಅಮೆರಿಕದ ಐಡಾಹೋದಲ್ಲಿ ಗರ್ಭದ ಕುರಿಗಳು ಮೇಯ್ದಾಗ ಒಂಟಿಗಣ್ಣಿನ ಮರಿ ಹುಟ್ಟಿಸುತ್ತಿದ್ದ ಕಾಡುಗಿಡವೊಂದರ ವಿಷವು ಇದೇ ಮಾರ್ಗವನ್ನು ತಡೆಯುತ್ತದೆಂಬುದು ಅನಂತರ ತಿಳಿಯಿತು. ಅದೇ ತತ್ತ್ವದ ಮೇಲೆ ತಯಾರಾದ ವಿಸ್ಮೋಡೆಜಿಬ್ ಔಷಧಿಗೆ 2012ರಲ್ಲಿ ಅಮೆರಿಕದ ಅನುಮತಿ ದೊರೆಯಿತು.

ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಮೆಲನೋಮ ಇವೆಲ್ಲಕ್ಕಿಂತ ಮಾರಕ. ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ತಂಡವು 2002ರಲ್ಲಿ, ತಾನು ಪರೀಕ್ಷಿಸಿದ ಮೆಲನೋಮಗಳ ಪೈಕಿ ಸುಮಾರು ಮೂರರಲ್ಲಿ ಎರಡು ಭಾಗದಲ್ಲಿ ಬಿಆರ್‌ಎಎಫ್ ಎಂಬ ವಂಶವಾಹಿ ಬದಲಾಗಿದ್ದು, ಕೋಶಕ್ಕೆ ವಿಭಜಿಸುವ ಆದೇಶವನ್ನು ಎಡೆಬಿಡದೆ ಕೊಡುತ್ತಿದೆಯೆಂದು ವರದಿ ಮಾಡಿತು. ಆ ಬದಲಾದ ಪ್ರೋಟೀನನ್ನು ಮಾತ್ರ ಗುರಿಯಾಗಿಸಿದ ವೆಮುರಾಫೆನಿಬ್ ಕೇವಲ ಒಂಬತ್ತು ವರ್ಷಗಳಲ್ಲಿ, 2011ರಲ್ಲಿ, ಬಳಕೆಗೆ ಬಂತು. ಗಡ್ಡೆಗಳು ಕೆಲವೇ ವಾರಗಳಲ್ಲಿ ಕರಗಿದರೂ, ಬಹುಪಾಲು ರೋಗಿಗಳಲ್ಲಿ ತಿಂಗಳುಗಳೊಳಗೆ ಔಷಧಿಗೆ ಜಗ್ಗದ ಕೋಶಗಳು ಮರಳಿ ಬೆಳೆದದ್ದು ಸಂಶೋಧಕರಿಗೆ ದೊಡ್ಡ ಆಘಾತವಾಯಿತು. ಸಾಮಾನ್ಯ ಮಚ್ಚೆಗಳಲ್ಲಿಯೂ ಇದೇ ಬದಲಾವಣೆ ಇರುವುದು 2003ರಲ್ಲೇ ಕಂಡುಬಂದಿದ್ದರಿಂದ, ಕ್ಯಾನ್ಸರಾಗಲು ಇದೊಂದೇ ಸಾಲದೆಂಬುದೂ ಖಚಿತವಾಗಿತ್ತು.

ಸೋರಿಯಾಸಿಸ್ ಎಂಬುದು ಚರ್ಮದ ಮೇಲ್ಪದರದ ಕೋಶಗಳು ಅತಿವೇಗವಾಗಿ ಬೆಳೆದು, ಕೆಂಪು ಪಟ್ಟೆಗಳೆದ್ದು ಬೆಳ್ಳನೆಯ ಹೊಟ್ಟು ಉದುರುವ ರೋಗ. ಹಿಂದೆ ಕುಷ್ಠವೆಂದೇ ತಪ್ಪಾಗಿ ಗಣಿಸಲ್ಪಟ್ಟು, ರೋಗಿಗಳನ್ನು ಅಕಾರಣವಾಗಿ ದೂರವಿಡಲು ಕಾರಣವಾಗಿದ್ದ ಇದನ್ನು 1841ರಲ್ಲಿ ಹೆಬ್ರಾ ಕುಷ್ಠದಿಂದ ಖಚಿತವಾಗಿ ಬೇರ್ಪಡಿಸಿದ್ದರು. ದೋಷವಿರುವುದು ಮೇಲ್ಪದರದ ಕೋಶಗಳಲ್ಲೇ ಎಂದು 1970ರ ದಶಕದವರೆಗೂ ನಂಬಲಾಗಿತ್ತು. ಅಂಗ ಕಸಿ ಮಾಡಿದಾಗ ದೇಹ ಅದನ್ನು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಔಷಧಿಯನ್ನು ಕೀಲೂತವಿದ್ದ ರೋಗಿಗಳಿಗೆ ಪ್ರಯೋಗಿಸಿ ನೋಡುತ್ತಿದ್ದಾಗ ಅವರ ಸೋರಿಯಾಸಿಸ್ ಅನಿರೀಕ್ಷಿತವಾಗಿ ಮಾಯವಾಯಿತೆಂದು 1979ರಲ್ಲಿ ವರದಿಯಾಯಿತು. ಆ ಔಷಧಿ ತಡೆಯುವುದು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳನ್ನು; ಆದ್ದರಿಂದ ರೋಗದ ಮೂಲ ಆ ಕೋಶಗಳಲ್ಲೇ ಇರಬೇಕೆಂಬ ಊಹೆ ಹುಟ್ಟಿತು. ಉತ್ತೇಜಿತ ಟಿ ಕೋಶಗಳನ್ನಷ್ಟೇ ಕೊಲ್ಲುವ ಪ್ರೋಟೀನೊಂದನ್ನು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರೋಗಿಗಳಿಗೆ ಕೊಟ್ಟು, 1995ರಲ್ಲಿ ಪ್ರಕಟಿಸಿದ ಫಲಿತಾಂಶವು ಈ ಊಹೆಯನ್ನು ಸ್ಥಿರಪಡಿಸಿತು. 2000ದಲ್ಲಿ ಪತ್ತೆಯಾದ ಇಂಟರ್‌ಲ್ಯೂಕಿನ್-23 ಎಂಬ ಸಂಕೇತ ಪ್ರೋಟೀನು ಕೆಲವು ಟಿ ಕೋಶಗಳನ್ನು ಪೋಷಿಸಿ, ಅವುಗಳಿಂದ ಇಂಟರ್‌ಲ್ಯೂಕಿನ್-17 ಸ್ರವಿಸುವಂತೆ ಮಾಡಿ, ಅದರಿಂದ ಚರ್ಮಕೋಶಗಳನ್ನು ಕೆರಳಿಸುತ್ತದೆಂಬ ಚಿತ್ರ ಕ್ರಮೇಣ ಸ್ಪಷ್ಟವಾಯಿತು. ಇವುಗಳನ್ನು ಹಿಡಿದುಹಾಕುವ ಪ್ರತಿಕಾಯಗಳಾದ ಉಸ್ಟೆಕಿನುಮ್ಯಾಬ್ 2009ರಲ್ಲೂ ಸೆಕುಕಿನುಮ್ಯಾಬ್ 2015ರಲ್ಲೂ ಅಮೆರಿಕದಲ್ಲಿ ಅನುಮತಿ ಪಡೆದವು. ಬೆಂಗಳೂರಿನ ಬಯೋಕಾನ್ ಸಂಸ್ಥೆ ಕ್ಯೂಬಾದ ವಿಜ್ಞಾನಿಗಳ ಸಹಯೋಗದಲ್ಲಿ ಅಭಿವೃದ್ಧಿಪಡಿಸಿದ, ಟಿ ಕೋಶಗಳ ಮೇಲಿನ ಸಿಡಿ6 ಅಣುವಿಗೆ ಅಂಟಿಕೊಳ್ಳುವ ಇಟೋಲಿಜುಮ್ಯಾಬ್ 2013ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು.

ಅಟೋಪಿಕ್ ಇಸುಬಿನಲ್ಲಿ ವಿಚಾರ ಇದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿತು. ರೋಗನಿರೋಧಕ ವ್ಯವಸ್ಥೆಯದೇ ದೋಷವೆಂದು ಎಣಿಸಿದ್ದ ಕಾಲದಲ್ಲಿ, ಸ್ಕಾಟ್ಲೆಂಡಿನ ಡಂಡಿಯಲ್ಲಿ ಇರ್ವಿನ್ ಮೆಕ್ಲೀನ್ ಅವರ ಗುಂಪು 2006ರಲ್ಲಿ, ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಪ್ರೋಟೀನಿನ ವಂಶವಾಹಿ ಕೆಟ್ಟವರಲ್ಲಿ ಈ ರೋಗದ ಸಂಭವ ಬಹಳ ಹೆಚ್ಚೆಂದು ತೋರಿಸಿತು.

ಎರಡು ದಾರಿಗಳು ಕೂಡಿದ್ದು ರೋಗನಿರೋಧಕ ವ್ಯವಸ್ಥೆಯ ಅಂಕೆಗಳ ಅಧ್ಯಯನದಲ್ಲಿ. ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಸಿಟಿಎಲ್‌ಎ-4 ಮತ್ತು ಪಿಡಿ-1 ಅಣುಗಳನ್ನು ತಡೆದರೆ ಆ ಕೋಶಗಳು ಕ್ಯಾನ್ಸರನ್ನು ಕೊಲ್ಲುತ್ತವೆಂದು ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮುಂದುವರಿದ ಮೆಲನೋಮದಲ್ಲಿ ಆಯುಷ್ಯವನ್ನು ವರ್ಷಗಟ್ಟಲೆ ಹೆಚ್ಚಿಸಿದ ಈ ಚಿಕಿತ್ಸೆಯೇ ಕೆಲವರಲ್ಲಿ ತೊನ್ನನ್ನೂ ಸೋರಿಯಾಸಿಸನ್ನೂ ಹುಟ್ಟಿಸುತ್ತದೆ. ಹೀಗಾಗಿ ಒಂದು ರೋಗದ ವೈದ್ಯರು ಬಿಚ್ಚುವ ಅಂಕೆಯನ್ನೇ ಇನ್ನೊಂದರ ವೈದ್ಯರು ಬಿಗಿಗೊಳಿಸಬೇಕಾಗಿದೆ.

ಈ ಜ್ಞಾನದ ಬಹುಭಾಗ ಐರೋಪ್ಯ ಮೂಲದವರ ಚರ್ಮವನ್ನು ಆಧರಿಸಿದೆ ಎಂಬುದು ಅದರ ದೊಡ್ಡ ಕೊರತೆ. ಭಾರತೀಯರಲ್ಲಿ ಮೆಲನೋಮ ವಿರಳ. ಬಂದಾಗ ಅದು ಹಲವೊಮ್ಮೆ ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನಡಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಬೋರಿಸ್ ಬಾಸ್ಟಿಯನ್ ಅವರ ಗುಂಪು 2005 ಮತ್ತು 2006ರಲ್ಲಿ ತೋರಿಸಿದಂತೆ, ಈ ಬಗೆಯಲ್ಲಿ ಬಿಆರ್‌ಎಎಫ್ ಬದಲಾವಣೆ ಕಡಿಮೆ, ಕ್ರೋಮೋಸೋಮುಗಳ ತುಂಡುಗಳು ಹೆಚ್ಚಾಗುವುದು ಅಥವಾ ಕಳೆದುಹೋಗುವುದು ಅಧಿಕ, ಕೆಲವರಲ್ಲಿ ಕಿಟ್ ಎಂಬ ಬೇರೊಂದು ವಂಶವಾಹಿ ಕೆಟ್ಟಿರುತ್ತದೆ. ಆದ್ದರಿಂದ ಬಿಆರ್‌ಎಎಫ್ ಔಷಧಿಗಳ ಪ್ರಯೋಜನ ಈ ರೋಗಿಗಳಲ್ಲಿ ಸ್ವಲ್ಪ ಮಂದಿಗೆ ಮಾತ್ರ ದೊರೆಯುತ್ತದೆ.