ಆದ್ಯತೆ

'ಆದ್ಯ' ಎಂದರೆ ಮೊದಲನೆಯದು. ಸಂಸ್ಕೃತದ 'ತಾ' ಪ್ರತ್ಯಯ ಕನ್ನಡದಲ್ಲಿ 'ತೆ' ಆಗಿ ಅಂಟಿಕೊಂಡು ಆದ್ಯತೆ. ಮೊದಲನೆಯದು ಒಂದೇ ಇರಬೇಕಲ್ಲ? ಆದರೂ 'ಎರಡನೇ ಆದ್ಯತೆ' ಎನ್ನುತ್ತೇವೆ, ಯಾರಿಗೂ ನಗು ಬರುವುದಿಲ್ಲ. ಸಾಲದ ಅರ್ಜಿಗಳಲ್ಲಿ ಸವೆದ ಈ ಪದ ಈಗ ರೌಟರ್ ಒಳಗೂ ಹೊಕ್ಕಿದೆ. ಮುಂಡಗೋಡದ ಟಿಬೆಟನ್ ಕಾಲೊನಿಯ ಒಂದು ಮನೆ ಎಂದುಕೊಳ್ಳಿ: ಅಮ್ಮ ವಿದೇಶದ ಮಗಳೊಡನೆ ವಿಡಿಯೊ ಕಾಲ್‌ನಲ್ಲಿ, ಮಗ ಸಿನಿಮಾ ಇಳಿಸಿಕೊಳ್ಳುತ್ತಿದ್ದಾನೆ. ಸಿನಿಮಾ ಎರಡು ನಿಮಿಷ ತಡವಾದರೆ ನಷ್ಟವಿಲ್ಲ. ಮಾತು ಅರ್ಧ ಸೆಕೆಂಡ್ ತಡೆದರೆ 'ಹಲೋ, ಹಲೋ' ಶುರು. ಅದಕ್ಕೇ ಮಾತಿನ ಪ್ಯಾಕೆಟ್‌ಗೆ 46 ಎಂಬ ಗುರುತು ಹಚ್ಚಿ ಪಾಳಿಯಲ್ಲಿ ಮುಂದೆ ಬಿಡುವುದು ರೂಢಿ. ಮನೆಯ ರೌಟರ್ ದಾಟಿದ ಮೇಲೆ ಹೊರಗಿನ ಜಾಲ ಆ ಗುರುತನ್ನು ಹೆಚ್ಚಾಗಿ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಅದು ಬೇರೆ ಮಾತು.