ಮಾರ್ಟಿನ್ಸ್‌ವಿಲ್ ಶರತ್ಕಾಲದ 500

ಅಮೆರಿಕದ ವರ್ಜೀನಿಯ ರಾಜ್ಯದ ಮಾರ್ಟಿನ್ಸ್‌ವಿಲ್ ಸ್ಪೀಡ್‌ವೇಯಲ್ಲಿ ವರ್ಷವರ್ಷವೂ ಶರತ್ಕಾಲದಲ್ಲಿ ನಡೆಯುವ ಸ್ಟಾಕ್ ಕಾರ್ ರೇಸ್. ನೋಡಲು ಅಂಗಡಿಯಲ್ಲಿ ಮಾರುವ ಕಾರಿನಂತಿದ್ದು, ಒಳಗೆ ಓಟಕ್ಕೆಂದೇ ಕಟ್ಟಿದ ಯಂತ್ರಕ್ಕೆ ಸ್ಟಾಕ್ ಕಾರ್ ಎಂದು ಹೆಸರು. ಈ ಕ್ರೀಡೆಯನ್ನು ಆಳುವ ಸಂಸ್ಥೆ ನಾಸ್ಕಾರ್. ಅದರ ಅತ್ಯುನ್ನತ ಸರಣಿ ಕಪ್ ಸರಣಿ. ಮಾರ್ಟಿನ್ಸ್‌ವಿಲ್‌ನ ಶರತ್ಕಾಲದ ರೇಸ್ 1949ರಿಂದ ಈ ಸರಣಿಯ ಭಾಗ. 2004ರಲ್ಲಿ ಪ್ರಶಸ್ತಿ ತೀರ್ಮಾನಿಸುವ ಕೊನೆಯ ಹತ್ತು ರೇಸ್‌ಗಳಲ್ಲಿ ಇದೂ ಒಂದಾಯಿತು. 2020ರಿಂದ ಇದರ ಅಧಿಕೃತ ಹೆಸರು ಎಕ್ಸ್‌ಫಿನಿಟಿ 500. ಹೆಸರಿನಲ್ಲಿರುವ 500 ಲ್ಯಾಪ್‌ಗಳ ಲೆಕ್ಕ, ಮೈಲಿಗಳದ್ದಲ್ಲ. ಒಟ್ಟು ದೂರ ಸುಮಾರು 263 ಮೈಲಿ, ಅಂದರೆ 423 ಕಿ.ಮೀ.

ಈ ರೇಸಿನ ಕುರಿತ ಬರಹಗಳಲ್ಲಿ ಹೆಚ್ಚಿನವು ಅಲ್ಲಿನ ಡಿಕ್ಕಿ, ಜಗಳ, ಸೇಡುಗಳಿಗೆಲ್ಲ ಟ್ರ್ಯಾಕಿನ ಇಕ್ಕಟ್ಟನ್ನೇ ಕಾರಣವಾಗಿ ಕೊಡುತ್ತವೆ. ಆದರೆ ಟ್ರ್ಯಾಕಿನ ಆಕಾರ ಎಂಟು ದಶಕಗಳಿಂದ ಹೆಚ್ಚುಕಡಿಮೆ ಒಂದೇ ತೆರನಾಗಿದೆ. ಬದಲಾದದ್ದು ವೇಳಾಪಟ್ಟಿಯಲ್ಲಿ ಈ ರೇಸ್ ಕುಳಿತ ಜಾಗ ಮತ್ತು ಅಂಕಗಳ ನಿಯಮ. ಇಲ್ಲಿನ ಹೆಸರಾಂತ ಘಟನೆಗಳ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಇದು ತಾನಾಗಿ ಕಾಣುತ್ತದೆ.

ಟ್ರ್ಯಾಕ್

ಎಚ್. ಕ್ಲೇ ಅರ್ಲ್ಸ್ ಎಂಬ ಉದ್ಯಮಿ 1947ರಲ್ಲಿ ಇದನ್ನು ಕಟ್ಟಿಸಿದ. ಹೆಸರು ಮಾರ್ಟಿನ್ಸ್‌ವಿಲ್ ಪಟ್ಟಣದ್ದಾದರೂ ಟ್ರ್ಯಾಕ್ ಇರುವುದು ಅದರ ದಕ್ಷಿಣಕ್ಕೆ, ಹೆನ್ರಿ ಕೌಂಟಿಯ ರಿಜ್‌ವೇ ಎಂಬ ಊರಿನಲ್ಲಿ. ಒಂದು ಲ್ಯಾಪ್ 0.526 ಮೈಲಿ, ಸುಮಾರು 846 ಮೀಟರ್. ಅಂಕಗಳಿರುವ ಕಪ್ ರೇಸ್ ನಡೆಯುವ ಟ್ರ್ಯಾಕ್‌ಗಳಲ್ಲಿ ಇದೇ ಅತಿ ಚಿಕ್ಕದು. ಎರಡು ನೇರ ಹಾದಿಗಳು ತಲಾ 800 ಅಡಿ; ತಿರುವುಗಳು ಬಲು ಬಿಗಿ, ಅವುಗಳ ಇಳಿಜಾರು 12 ಡಿಗ್ರಿ ಮಾತ್ರ. ಮೇಲಿನಿಂದ ನೋಡಿದರೆ ಪೇಪರ್ ಕ್ಲಿಪ್ಪಿನ ಆಕಾರ. ಮೊದಲು ಮಣ್ಣಿನದಾಗಿದ್ದ ಹಾದಿಗೆ 1955ರಲ್ಲಿ ಡಾಂಬರು ಬಿತ್ತು. ತಿರುವುಗಳಲ್ಲಿ ಡಾಂಬರು ಕಿತ್ತು ಬರುತ್ತಿದ್ದುದರಿಂದ 1976ರಲ್ಲಿ ಅಲ್ಲಿಗೆ ಕಾಂಕ್ರೀಟ್ ಹಾಕಲಾಯಿತು.

ಚಾಲಕ ಪ್ರತಿ ಲ್ಯಾಪಿನಲ್ಲೂ ಎರಡು ಬಾರಿ ಜೋರಾಗಿ ಬ್ರೇಕ್ ಒತ್ತಲೇಬೇಕು. ಹಾಗೆ ಸಾವಿರ ಬಾರಿ ಒತ್ತುವಷ್ಟರಲ್ಲಿ ಬ್ರೇಕ್ ಡಿಸ್ಕುಗಳು ಕಾದು ಕೆಂಡದ ಬಣ್ಣಕ್ಕೆ ತಿರುಗುವುದು ಸಂಜೆಗತ್ತಲಲ್ಲಿ ಹೊರಗಿನವರಿಗೂ ಕಾಣುತ್ತದೆ. ವೇಗದ ಹಾದಿ ಒಳಸುತ್ತಿನ ಒಂದೇ. ಹೊರಗಿನಿಂದ ಹಾದುಹೋಗುವುದು ಕಷ್ಟವಾದ್ದರಿಂದ, ಮುಂದಿನ ಕಾರಿನ ಹಿಂಬದಿಗೆ ಮೆಲ್ಲಗೆ ಗುದ್ದಿ, ಅದು ಮೇಲಕ್ಕೆ ಜಾರಿದಾಗ ಒಳಗಿನಿಂದ ನುಗ್ಗುವ ‘ಬಂಪ್ ಅಂಡ್ ರನ್’ ಇಲ್ಲಿನ ಒಪ್ಪಿತ ಕೌಶಲ. ಗುದ್ದು ಎಷ್ಟು ಮೆಲ್ಲಗಿರಬೇಕು ಎಂಬುದರಲ್ಲೇ ತಕರಾರು.

ಮೊದಲ ದಶಕಗಳು

ಇಲ್ಲಿನ ಮೊದಲ ರೇಸ್ ನಡೆದದ್ದು 7 ಸೆಪ್ಟೆಂಬರ್ 1947ರಂದು. ಆಗ ನಾಸ್ಕಾರ್ ಇನ್ನೂ ಹುಟ್ಟಿರಲಿಲ್ಲ. ಗೆದ್ದವನು ರೆಡ್ ಬೈರನ್. ಎರಡನೆಯ ಮಹಾಯುದ್ಧದಲ್ಲಿ ಕಾಲಿಗೆ ಗಾಯವಾಗಿದ್ದರೂ ಓಟ ಬಿಡದಿದ್ದ ಚಾಲಕ ಆತ. ಈ ರೇಸನ್ನು ಕೆಲವು ಪಟ್ಟಿಗಳು ಶರತ್ಕಾಲದ ರೇಸಿನ ಮೊದಲ ಆವೃತ್ತಿಯಾಗಿ ಎಣಿಸುತ್ತವೆ. ಅದು ಸರಿಯಲ್ಲ: ಓಡಿದ್ದು ಮಾರ್ಪಡಿಸಿದ ಕಾರುಗಳು, ಯಾವ ಸರಣಿಗೂ ಸೇರಿದ ಓಟವೂ ಅದಾಗಿರಲಿಲ್ಲ. ಲೆಕ್ಕ ಶುರುವಾಗಬೇಕಾದದ್ದು 25 ಸೆಪ್ಟೆಂಬರ್ 1949ರಿಂದ. ಇಂದಿನ ಕಪ್ ಸರಣಿಗೆ ಮೂಲವಾದ ಸರಣಿಯ ಮೊದಲ ವರ್ಷದ ಆರನೆಯ ರೇಸ್ ಅಂದು 200 ಲ್ಯಾಪ್ ಓಡಿತು. ಗೆದ್ದವನು ಮತ್ತೆ ರೆಡ್ ಬೈರನ್, ಆ ವರ್ಷದ ಚಾಂಪಿಯನ್ ಕೂಡ ಅವನೇ. ಗೊಂದಲಕ್ಕೆ ಇದೂ ಒಂದು ಕಾರಣವಿರಬಹುದು. (2025ರ ವಿಜೇತ ವಿಲಿಯಂ ಬೈರನ್‌ಗೂ ಇವನಿಗೂ ನೆಂಟಸ್ತಿಕೆಯಿಲ್ಲ.) 1950ರಿಂದ ಸಾಮಾನ್ಯವಾಗಿ ವಸಂತ ಮತ್ತು ಶರತ್ತು ಎಂದು ವರ್ಷಕ್ಕೆರಡು ರೇಸ್ ನಡೆಯುತ್ತಿವೆ. 1949ರಿಂದ ಒಂದು ವರ್ಷವೂ ತಪ್ಪದೆ ಕಪ್ ಸರಣಿಗೆ ಆತಿಥ್ಯ ಕೊಟ್ಟ ಟ್ರ್ಯಾಕ್ ಇದೊಂದೇ.

ಗೆದ್ದವರಿಗೆ ಕಪ್ಪಿನ ಬದಲು ಆಳೆತ್ತರದ ಲೋಲಕ ಗಡಿಯಾರ ಕೊಡುವ ಪದ್ಧತಿ ಶುರುವಾದದ್ದು 1964ರ ಶರತ್ಕಾಲದ ರೇಸಿನಲ್ಲಿ. ಬೆಳ್ಳಿ ಬಟ್ಟಲುಗಳು ಚಾಲಕರ ಮನೆಯಲ್ಲಿ ಮೂಲೆ ಸೇರುತ್ತವೆಂದು ಬಗೆದ ಅರ್ಲ್ಸ್, ರಿಜ್‌ವೇಯಲ್ಲೇ ತಯಾರಾಗುತ್ತಿದ್ದ ಗಡಿಯಾರವನ್ನು ಆರಿಸಿದ. ಮೊದಲನೆಯದನ್ನು ಮನೆಗೊಯ್ದವನು ಫ್ರೆಡ್ ಲೊರೆಂಜನ್. ರಿಚರ್ಡ್ ಪೆಟಿ ಈ ಟ್ರ್ಯಾಕಿನಲ್ಲಿ 15 ಬಾರಿ ಗೆದ್ದನೆಂದೂ 12 ಬಾರಿ ಗೆದ್ದನೆಂದೂ ಎರಡು ಬಗೆಯ ಲೆಕ್ಕ ಸಿಗುವುದು ಇದರಿಂದಲೇ. ಗೆಲುವು 15, ಗಡಿಯಾರ 12. ಮೊದಲ ಮೂರು ಗೆಲುವುಗಳು ಗಡಿಯಾರಕ್ಕಿಂತ ಹಿಂದಿನವು.

ಹೆಸರುಗಳದ್ದು ಬೇರೆಯೇ ಗೋಜಲು. ಬಹುಕಾಲ ‘ಓಲ್ಡ್ ಡೊಮಿನಿಯನ್ 500’ ಎನಿಸಿಕೊಂಡಿದ್ದ ಈ ರೇಸಿಗೆ ಪ್ರಾಯೋಜಕರು ಬಂದ ಮೇಲೆ ತಲೆನೋವಿನ ಪುಡಿ, ಸ್ಯಾಂಡ್‌ವಿಚ್ ಅಂಗಡಿ, ಅಸಿಡಿಟಿ ಮಾತ್ರೆ, ಬ್ಯಾಂಕ್ ವಹಿವಾಟಿನ ಕಂಪನಿ ಎಲ್ಲದರ ಹೆಸರೂ ಅಂಟಿದವು. ತಲೆನೋವಿನ ಪುಡಿ ಗುಡೀಸ್‌ನ ಹೆಸರಂತೂ ಮೊದಲು ಶರತ್ಕಾಲದ ರೇಸಿಗಿತ್ತು, 1996ರಲ್ಲಿ ವಸಂತದ ರೇಸಿಗೆ ಹೋಯಿತು, 2013ರಲ್ಲಿ ತಿರುಗಿ ಶರತ್ಕಾಲಕ್ಕೆ ಬಂತು. ಹಳೆಯ ಪತ್ರಿಕೆಗಳಲ್ಲಿ ಗುಡೀಸ್ 500 ಎಂದು ಕಂಡರೆ ತಿಂಗಳು ನೋಡದೆ ಯಾವ ರೇಸ್ ಎಂದು ಹೇಳಲಾಗದು.

ನಡುವಿನ ದಶಕಗಳಲ್ಲಿ ನೆನೆಯಬೇಕಾದ ಎರಡು ಓಟಗಳಿವೆ. 1991ರ ಸೆಪ್ಟೆಂಬರಿನಲ್ಲಿ 51ರ ಹರೆಯದ ಹ್ಯಾರಿ ಗ್ಯಾಂಟ್ ನಡುವೆ ಡಿಕ್ಕಿಯಲ್ಲಿ ಕಾರಿನ ಮೂತಿ ಜಜ್ಜಿಹೋದರೂ ಹಿಂದಿನಿಂದ ಬಂದು ಗೆದ್ದ. ಆ ತಿಂಗಳಲ್ಲಿ ಅದು ಅವನ ಸತತ ನಾಲ್ಕನೆಯ ಕಪ್ ಗೆಲುವು. 1998ರಲ್ಲಿ ರಿಕಿ ರಡ್‌ನ ಕಾರಿನೊಳಗಿನ ತಂಪಿನ ವ್ಯವಸ್ಥೆ ಕೆಟ್ಟಿತು. ಬೆನ್ನು ಬೊಬ್ಬೆಯೆದ್ದರೂ ಓಡಿಸಿ ಗೆದ್ದು, ಆಮ್ಲಜನಕದ ಮುಖವಾಡದೊಂದಿಗೆ ನೆಲದ ಮೇಲೆ ಮಲಗಿಯೇ ಸುದ್ದಿಗಾರರಿಗೆ ಉತ್ತರಿಸಿದ. ಅವನು ಸತತ 16ನೆಯ ವರ್ಷ ಕನಿಷ್ಠ ಒಂದು ರೇಸ್ ಗೆದ್ದಂತಾದದ್ದು ಅಂದೇ.

2004: ಚೇಸ್ ಮತ್ತು ವಿಮಾನ ದುರಂತ

2003ರವರೆಗೆ ಇಡೀ ವರ್ಷದ ಅಂಕ ಕೂಡಿಸಿ ಚಾಂಪಿಯನ್ನನ್ನು ಗುರುತಿಸುತ್ತಿದ್ದರು. 2004ರಲ್ಲಿ ನಾಸ್ಕಾರ್ ಕೊನೆಯ ಹತ್ತು ರೇಸ್‌ಗಳನ್ನು ಬೇರ್ಪಡಿಸಿ ‘ಚೇಸ್’ ಎಂದು ಕರೆಯಿತು. ಅದರಲ್ಲಿ ಮಾರ್ಟಿನ್ಸ್‌ವಿಲ್ ಆರನೆಯದು. ಇದೇ ವರ್ಷ ಟ್ರ್ಯಾಕ್ ಅರ್ಲ್ಸ್ ಮನೆತನದ ಕೈಯಿಂದ ಇಂಟರ್‌ನ್ಯಾಷನಲ್ ಸ್ಪೀಡ್‌ವೇ ಕಾರ್ಪೊರೇಷನ್‌ಗೆ ಮಾರಾಟವಾಯಿತು; ಅರ್ಲ್ಸ್‌ನ ಮೊಮ್ಮಗ ಕ್ಲೇ ಕ್ಯಾಂಪ್‌ಬೆಲ್ ಆಡಳಿತದಲ್ಲಿ ಉಳಿದ.

ಚೇಸ್‌ನ ಭಾಗವಾಗಿ ಇಲ್ಲಿ ನಡೆದ ಮೊದಲ ರೇಸಿನ ದಿನ, 24 ಅಕ್ಟೋಬರ್ 2004ರಂದು, ಹೆಂಡ್ರಿಕ್ ತಂಡದ ವಿಮಾನ ಟ್ರ್ಯಾಕಿಗೆ ಬರುತ್ತಿದ್ದಾಗ ಮಂಜು ಮುಸುಕಿದ ಬುಲ್ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 10 ಮಂದಿಯೂ ಸತ್ತರು. ತಂಡದ ಒಡೆಯ ರಿಕ್ ಹೆಂಡ್ರಿಕ್‌ನ ಮಗ ರಿಕಿ, ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜಾನ್, ಎಂಜಿನ್ ವಿಭಾಗದ ಮುಖ್ಯಸ್ಥ ರ‍್ಯಾಂಡಿ ಡಾರ್ಟನ್ ಸತ್ತವರಲ್ಲಿದ್ದರು. ರೇಸ್ ನಡೆಯುತ್ತಲೇ ಇತ್ತು. ಗೆದ್ದದ್ದು ಅದೇ ತಂಡದ ಜಿಮ್ಮಿ ಜಾನ್ಸನ್; ಸುದ್ದಿ ತಿಳಿಸಿದ್ದು ರೇಸ್ ಮುಗಿದ ಬಳಿಕ. ವಿಜಯೋತ್ಸವ ನಡೆಯಲಿಲ್ಲ. ಜಾನ್ಸನ್ ಮುಂದೆ 2006, 2007, 2008 ಮತ್ತು 2016ರಲ್ಲಿ ಈ ರೇಸನ್ನೂ ಚಾಂಪಿಯನ್ ಪಟ್ಟವನ್ನೂ ಒಟ್ಟಿಗೆ ಗೆದ್ದ.

ಶನಿವಾರದ ಪೂರಕ ರೇಸಿಗೆ ಸೇರಿದ್ದಾದರೂ ಇನ್ನೊಂದು ಸಂಗತಿ ಇಲ್ಲಿರಬೇಕು. ಅಕ್ಟೋಬರ್ 2013ರ ಟ್ರಕ್ ಸರಣಿಯ ಓಟವನ್ನು ಬುಬ್ಬಾ ವಾಲೇಸ್ ಗೆದ್ದ. ನಾಸ್ಕಾರಿನ ರಾಷ್ಟ್ರೀಯ ಸರಣಿಯೊಂದರಲ್ಲಿ ಕಪ್ಪುಜನಾಂಗದ ಚಾಲಕ ಗೆದ್ದದ್ದು 1963ರ ವೆಂಡೆಲ್ ಸ್ಕಾಟ್‌ನ ನಂತರ ಅದೇ ಮೊದಲು. ಸ್ಕಾಟ್ ಇದೇ ಸೀಮೆಯ ಡ್ಯಾನ್‌ವಿಲ್‌ನವನು.

2015ರ ಸೇಡು

2014ರಲ್ಲಿ ನಿಯಮ ಮತ್ತೆ ಬದಲಾಯಿತು. 16 ಚಾಲಕರು ಈ ಕೊನೆಯ ಹತ್ತು ರೇಸ್‌ಗಳ ಸುತ್ತಿಗೆ, ಅಂದರೆ ಪ್ಲೇಆಫ್‌ಗೆ, ಸೇರುವುದು, ಮೂರು ರೇಸಿಗೊಮ್ಮೆ ನಾಲ್ವರು ಹೊರಬೀಳುವುದು, ಉಳಿದ ನಾಲ್ವರು ಕೊನೆಯ ರೇಸಿನಲ್ಲಿ ಪ್ರಶಸ್ತಿಗೆ ಸೆಣಸುವುದು. ಒಂದು ಹಂತದಲ್ಲಿ ಒಂದು ರೇಸ್ ಗೆದ್ದರೆ ಮುಂದಿನ ಹಂತ ಖಚಿತ. ಮಾರ್ಟಿನ್ಸ್‌ವಿಲ್ ಎಂಟು ಮಂದಿಯ ಹಂತದ ಮೊದಲ ರೇಸ್ ಆಯಿತು. ಇಲ್ಲಿಂದ ಮುಂದೆ ಒಂದು ಗುದ್ದಿನ ಬೆಲೆ ಒಂದು ಸ್ಥಾನವಲ್ಲ, ಇಡೀ ವರ್ಷ.

2015ರ ಅಕ್ಟೋಬರಿನಲ್ಲಿ ಕಾನ್ಸಸ್‌ನಲ್ಲಿ ಕೆಲವೇ ಲ್ಯಾಪ್ ಉಳಿದಿದ್ದಾಗ ಮುಂದಿದ್ದ ಮ್ಯಾಟ್ ಕೆನ್ಸೆತ್‌ನನ್ನು ಜೋಯಿ ಲೊಗಾನೊ ಗುದ್ದಿ ಗಿರಕಿ ಹೊಡೆಸಿದ. ಲೊಗಾನೊಗೆ ಆ ಗೆಲುವು ಬೇಕಿರಲಿಲ್ಲ, ಅದಾಗಲೇ ಒಂದು ಗೆದ್ದಿದ್ದ. ಕೆನ್ಸೆತ್‌ಗೆ ಅದೇ ಉಸಿರು. ನಾಸ್ಕಾರ್ ಮುಖ್ಯಸ್ಥ ಬ್ರಯಾನ್ ಫ್ರಾನ್ಸ್ ಲೊಗಾನೊನ ಪರ ನಿಂತರು. ಕೆನ್ಸೆತ್ ಪ್ಲೇಆಫ್‌ನಿಂದ ಹೊರಬಿದ್ದ. ನವೆಂಬರ್ 1ರಂದು ಮಾರ್ಟಿನ್ಸ್‌ವಿಲ್‌ನಲ್ಲಿ 207 ಲ್ಯಾಪ್ ಮುನ್ನಡೆದಿದ್ದ ಲೊಗಾನೊನನ್ನು, ಜಖಂಗೊಂಡ ಕಾರಿನಲ್ಲಿ ಹಲವು ಲ್ಯಾಪ್ ಹಿಂದೆಬಿದ್ದಿದ್ದ ಕೆನ್ಸೆತ್ 454ನೆಯ ಲ್ಯಾಪಿನಲ್ಲಿ ಮೊದಲ ತಿರುವಿನ ಗೋಡೆಗೆ ಒಯ್ದು ಅಪ್ಪಳಿಸಿದ. ಪ್ರೇಕ್ಷಕರು ಕುಣಿದಾಡಿದರು. ಕೆನ್ಸೆತ್‌ಗೆ ಎರಡು ರೇಸ್‌ಗಳ ನಿಷೇಧ ಬಿತ್ತು, ಮೇಲ್ಮನವಿಯಲ್ಲೂ ನಿಷೇಧ ಉಳಿಯಿತು. ಅದನ್ನು ಹದ್ದುಮೀರಿದ ಕೃತ್ಯವೆನ್ನುವವರೂ ಬಾಕಿ ತೀರಿಸಿದ್ದೆನ್ನುವವರೂ ಇಂದಿಗೂ ಇದ್ದಾರೆ. ಈ ಗಲಾಟೆಯಲ್ಲಿ ಹಲವರು ಮರೆಯುವುದು ಗೆದ್ದವನನ್ನು: ಜೆಫ್ ಗಾರ್ಡನ್, ತನ್ನ 93ನೆಯ ಮತ್ತು ಕಡೆಯ ಕಪ್ ಗೆಲುವು. ಓಟ ಮುಗಿಯುವಾಗ ಕತ್ತಲು ಕವಿದಿತ್ತು. ಟ್ರ್ಯಾಕಿಗೆ ದೀಪಗಳು ಬಂದದ್ದು 2017ರಲ್ಲಿ.

2017ರಲ್ಲಿ ಡೆನ್ನಿ ಹ್ಯಾಮ್ಲಿನ್ ಕೊನೆಗಳಿಗೆಯಲ್ಲಿ ಚೇಸ್ ಎಲಿಯಟ್‌ನನ್ನು ಗೋಡೆಗೆ ತಳ್ಳಿದ, ಕೈಲ್ ಬುಶ್ ಗೆದ್ದ. 2018ರಲ್ಲಿ ಕೊನೆಯ ತಿರುವಿನಲ್ಲಿ ಮಾರ್ಟಿನ್ ಟ್ರೂಎಕ್ಸ್‌ನನ್ನು ಗುದ್ದಿ ಸರಿಸಿ ಲೊಗಾನೊ ಗೆದ್ದು, ಆ ವರ್ಷ ಚಾಂಪಿಯನ್ ಆದ. ಟ್ರೂಎಕ್ಸ್ ಮರುವರ್ಷ 464 ಲ್ಯಾಪ್ ಮುನ್ನಡೆದು ಯಾರಿಗೂ ಗುದ್ದುವ ಅವಕಾಶವನ್ನೇ ಕೊಡಲಿಲ್ಲ.

ಕೊನೆಯ ಗಡಿ

2020ರಲ್ಲಿ ಈ ರೇಸನ್ನು ಎಂಟು ಮಂದಿಯ ಹಂತದ ಮೂರನೆಯದಾಗಿ, ಅಂದರೆ ಫೀನಿಕ್ಸ್‌ನ ಅಂತಿಮ ರೇಸಿನ ಹಿಂದಿನ ವಾರಕ್ಕೆ, ಸರಿಸಲಾಯಿತು. ರೇಸಿನ ಇತಿಹಾಸದಲ್ಲಿ ಡಾಂಬರು ಬಿದ್ದದ್ದಕ್ಕಿಂತ ದೊಡ್ಡ ತಿರುವು ಇದು. ಆ ವರ್ಷ ಗೆಲ್ಲದೆ ಗತಿಯಿಲ್ಲದಿದ್ದ ಎಲಿಯಟ್ ಗೆದ್ದು, ಮುಂದಿನ ವಾರ ಚಾಂಪಿಯನ್ ಆದ. ವರ್ಷದಲ್ಲಿ ಒಂಬತ್ತು ರೇಸ್ ಗೆದ್ದಿದ್ದ ಕೆವಿನ್ ಹಾರ್ವಿಕ್ ಹೊರಬಿದ್ದ.

30 ಅಕ್ಟೋಬರ್ 2022ರ ಕೊನೆಯ ಲ್ಯಾಪಿನಲ್ಲಿ ಹತ್ತನೆಯ ಸ್ಥಾನದಲ್ಲಿದ್ದ ರಾಸ್ ಚಾಸ್ಟೇನ್‌ಗೆ ಹ್ಯಾಮ್ಲಿನ್‌ನನ್ನು ಹಿಂದಿಕ್ಕಿ ಅಂತಿಮಕ್ಕೇರಲು ಇನ್ನೆರಡು ಸ್ಥಾನ ಬೇಕಿತ್ತು. ಫ್ಲೋರಿಡದ ಕಲ್ಲಂಗಡಿ ಬೆಳೆಗಾರರ ಮನೆಯ ಈ ಚಾಲಕ ಐದನೆಯ ಗೇರಿಗೆ ಹಾಕಿ, ಬ್ರೇಕ್ ಮುಟ್ಟದೆ, ಕಾರಿನ ಬಲಮಗ್ಗುಲನ್ನು ಹೊರಗೋಡೆಗೆ ಒತ್ತಿ ಕೊನೆಯೆರಡು ತಿರುವುಗಳನ್ನು ಪೂರ್ಣ ವೇಗದಲ್ಲಿ ದಾಟಿದ. ತಿರುವಿನಲ್ಲಿ ವೇಗ ಇಳಿಸಬೇಕಾದದ್ದು ಟೈರುಗಳ ಹಿಡಿತಕ್ಕೆ ಮಿತಿಯಿರುವುದರಿಂದ. ಇಲ್ಲಿ ಆ ಕೆಲಸವನ್ನು ಗೋಡೆ ಮಾಡಿತು. ಬಾಲ್ಯದಲ್ಲಿ ಆಡಿದ ವಿಡಿಯೊ ಗೇಮಿನಿಂದ ಈ ಉಪಾಯ ಹೊಳೆಯಿತೆಂದು ಅವನೇ ಹೇಳಿದ. ಅವನು ಎಷ್ಟನೆಯವನಾದ ಎಂಬುದಕ್ಕೆ ಎರಡು ಉತ್ತರಗಳು ಓಡಾಡುತ್ತಿವೆ, ಎರಡಕ್ಕೂ ಆಧಾರವಿದೆ. ಗೆರೆ ದಾಟಿದ್ದು ಐದನೆಯವನಾಗಿ. ನಾಲ್ಕನೆಯವನಾಗಿದ್ದ ಬ್ರ್ಯಾಡ್ ಕೆಸಲೌಸ್ಕಿಯ ಕಾರು ತೂಕ ಕಡಿಮೆಯೆಂದು ಅನರ್ಹವಾದ ಮೇಲೆ ದಾಖಲೆಯಲ್ಲಿ ನಾಲ್ಕನೆಯವನು. ಆ ಲ್ಯಾಪಿನ ಕಾಲ 18.845 ಸೆಕೆಂಡು. 2014ರಲ್ಲಿ ಅರ್ಹತಾ ಓಟದಲ್ಲಿ ಲೊಗಾನೊ ಮಾಡಿದ್ದ 18.898 ಸೆಕೆಂಡಿಗಿಂತಲೂ ಇದು ವೇಗ. ಎರಡನ್ನೂ ‘ಟ್ರ್ಯಾಕ್ ದಾಖಲೆ’ ಎಂದು ಬರೆಯುವುದುಂಟು. ಲೊಗಾನೊನದು ಅರ್ಹತಾ ಓಟದ್ದು, ಚಾಸ್ಟೇನ್‌ನದು ರೇಸಿನದು ಎಂದು ಬಿಡಿಸಿ ಹೇಳಬೇಕು. ರೇಸ್ ಗೆದ್ದವನು ಕ್ರಿಸ್ಟೋಫರ್ ಬೆಲ್. ಗೋಡೆ ಸವಾರಿಗೆ ಆ ವರ್ಷ ಚಾಸ್ಟೇನ್‌ಗೆ ಶಿಕ್ಷೆಯಾಗಲಿಲ್ಲ. ಜನವರಿ 2023ರಲ್ಲಿ ನಾಸ್ಕಾರ್ ಹೊಸ ನಿಯಮ ಬರೆಯದೆ, ಮೊದಲೇ ಇದ್ದ ಸುರಕ್ಷತಾ ನಿಯಮದಡಿ ಇನ್ನು ಮುಂದೆ ಇದಕ್ಕೆ ದಂಡವಿದೆಯೆಂದಿತು.

ಅದೇ ನಿಯಮ 3 ನವೆಂಬರ್ 2024ರಂದು ಬೆಲ್‌ನ ಕೊರಳಿಗೆ ಬಿತ್ತು. ಗೆಲುವು ರಯಾನ್ ಬ್ಲೇನಿಯದು, 2023ರಂತೆಯೇ. ಆದರೆ ಅಂತಿಮ ನಾಲ್ವರಲ್ಲಿ ಉಳಿದಿದ್ದ ಕಡೆಯ ಸ್ಥಾನಕ್ಕೆ ಬೆಲ್ ಮತ್ತು ವಿಲಿಯಂ ಬೈರನ್ ನಡುವೆ ಒಂದೊಂದು ಅಂಕಕ್ಕೂ ಹಣಾಹಣಿಯಿತ್ತು. ಷೆವ್ರೊಲೆ ಕಾರುಗಳ ಚಾಸ್ಟೇನ್ ಮತ್ತು ಆಸ್ಟಿನ್ ಡಿಲನ್ ಷೆವ್ರೊಲೆಯದೇ ಚಾಲಕ ಬೈರನ್‌ನ ಬೆನ್ನಿಗೆ ನಿಂತು ಮುಂದೆ ಹೋಗಲಿಲ್ಲ; ಟೊಯೊಟಾದ ವಾಲೇಸ್ ಕೊನೆಯಲ್ಲಿ ನಿಧಾನವಾಗಿ ಟೊಯೊಟಾದ ಬೆಲ್‌ಗೆ ಸ್ಥಾನ ದಕ್ಕಿತು. ಆ ಭರದಲ್ಲಿ ಬೆಲ್‌ನ ಕಾರು ಗೋಡೆಗೆ ತಾಗಿ ಅದರುದ್ದಕ್ಕೂ ಸಾಗಿತು. ಅಂಕ ಸಮವಾಗಿ, ಸಮಬಲದ ನಿಯಮದಂತೆ ಬೆಲ್ ಮುಂದಿದ್ದ. ಅರ್ಧ ಗಂಟೆಯಷ್ಟು ಚರ್ಚಿಸಿದ ಅಧಿಕಾರಿಗಳು ಗೋಡೆ ಸವಾರಿಗೆ ದಂಡ ಹಾಕಿ ಬೈರನ್‌ನನ್ನು ಅಂತಿಮಕ್ಕೆ ಕಳಿಸಿದರು. ಬೆಲ್ ಜಾರಿ ತಾಗಿದನೇ, ಬೇಕೆಂದೇ ತಾಗಿದನೇ ಎಂಬ ವಾದ ಈಗಲೂ ಇದೆ. ನಿಯಮಕ್ಕೆ ಉದ್ದೇಶ ಮುಖ್ಯವಲ್ಲವೆಂಬುದೇ ತೀರ್ಪಿನ ತಿರುಳು. ಎರಡು ದಿನಗಳ ಬಳಿಕ ಚಾಸ್ಟೇನ್, ಡಿಲನ್, ವಾಲೇಸ್ ಮತ್ತು ಅವರ ಮೂರು ತಂಡಗಳಿಗೆ ತಲಾ 1,00,000 ಡಾಲರ್ ದಂಡ ಬಿತ್ತು, ಆ ತಂಡಗಳ ಒಂಬತ್ತು ಮಂದಿ ಅಮಾನತಾದರು. ಇದಕ್ಕೆ ಹೋಲುವ ಪೂರ್ವನಿದರ್ಶನ 2013ರ ರಿಚ್‌ಮಂಡ್ ರೇಸಿನಲ್ಲಿ ವಾಲ್ಟ್ರಿಪ್ ತಂಡಕ್ಕೆ ಹಾಕಿದ 3,00,000 ಡಾಲರ್ ದಂಡ.

2025ರ ರೇಸ್ ಇದರ ಎದುರು ಸಪ್ಪೆ: ವಿಲಿಯಂ ಬೈರನ್ 304 ಲ್ಯಾಪ್ ಮುನ್ನಡೆದು ಗೆದ್ದು ಅಂತಿಮಕ್ಕೇರಿದ. ಜನವರಿ 2026ರಲ್ಲಿ ನಾಸ್ಕಾರ್ ಹೊರಬೀಳುವ ಹಂತಗಳನ್ನು ಕೈಬಿಟ್ಟು, 16 ಚಾಲಕರು ಹತ್ತು ರೇಸ್‌ಗಳ ಒಟ್ಟು ಅಂಕಕ್ಕೆ ಸೆಣಸುವ ಚೇಸ್ ಪದ್ಧತಿಯನ್ನೇ ಮತ್ತೆ ತರುವುದಾಗಿ ಪ್ರಕಟಿಸಿತು. ಅಂತಿಮ ನಾಲ್ವರನ್ನು ಬಿಟ್ಟು ಉಳಿದವರೆಲ್ಲ ಹೊರಬೀಳುವ ಗಡಿಯಾಗಿ ಈ ರೇಸ್ ನಡೆದದ್ದು 2020ರಿಂದ 2025ರವರೆಗೆ, ಆರು ಬಾರಿ.